ವರ್ಷಕ್ಕೊಮ್ಮೆ ಮಕ್ಕಳ ಬೆನ್ನು ನೋಡೋಣ

ಮಗಳ ಬೆನ್ನು ಸೊಟ್ಟಗಿದೆ ಅಂತ ಮೊದಲು ಹೇಳಿದ್ದು ಯಾರು ಎಂದು ಕೇಳಿದರೆ, ತಾಯಂದಿರಿಂದ ಎಷ್ಟೋ ಸಲ ಬರುವ ಉತ್ತರ: ಟೈಲರ್. ಹೈಸ್ಕೂಲು ಸೇರಿದ ಹುಡುಗಿಗೆ ಯೂನಿಫಾರಂ ಚೂಡಿದಾರದ ಅಳತೆ ತೆಗೆಯುವಾಗ ಒಂದು ಭುಜ ಮೇಲೆ, ಇನ್ನೊಂದು ಕೆಳಗೆ ಇರುವುದು, ಟಾಪಿನ ಅಂಚು ಒಂದು ಮಗ್ಗುಲಲ್ಲಿ ಎತ್ತಿಕೊಳ್ಳುವುದು ಅವರ ಕಣ್ಣಿಗೆ ಬೀಳುತ್ತದೆ. ನಾನು ತುಮಕೂರಿನಲ್ಲಿ ಫಿಸಿಯೋಥೆರಪಿಸ್ಟ್. ಗುಬ್ಬಿ, ಚೇಳೂರು, ನಿಟ್ಟೂರಿನಿಂದ, ಕುಣಿಗಲ್, ಹುಲಿಯೂರುದುರ್ಗದಿಂದ ಬರುವ ಮಕ್ಕಳನ್ನು ನೋಡುತ್ತೇನೆ. ಟೈಲರ್‌ಗಿಂತ ಮೊದಲೇ ಯಾರೋ ಗಮನಿಸಿ ಕಳಿಸಿದ ಮಗು ಅಪರೂಪ.

ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೆ ತಿರುಚಿಕೊಳ್ಳುವುದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಬಾಗು 10 ಡಿಗ್ರಿ ಮುಟ್ಟಿದರೆ ಈ ಹೆಸರು. ಹದಿಹರೆಯದ ನೂರು ಮಕ್ಕಳಲ್ಲಿ ಎರಡು ಮೂರು ಮಂದಿಗೆ ಇದು ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಆಗಾಗ ನೋಡಿಸಿಕೊಳ್ಳುತ್ತಿದ್ದರೆ ಸಾಕು, ಬೇರೆ ಚಿಕಿತ್ಸೆ ಬೇಡ. 2009ರಲ್ಲಿ ಬರ್ಲಿನ್‌ನಲ್ಲಿ ನೂರು ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ ಉಸೇನ್ ಬೋಲ್ಟ್‌ಗೂ ಸ್ಕೋಲಿಯೋಸಿಸ್ ಇದೆ. ಆದರೆ ಕೆಲವರಲ್ಲಿ ಬಾಗು ಬೆಳೆಯುತ್ತದೆ. ಆ ಅಪಾಯ ಹೆಣ್ಣುಮಕ್ಕಳಿಗೆ ಹೆಚ್ಚು; ಅದರಲ್ಲೂ ಮೈನೆರೆಯುವ ಆಸುಪಾಸಿನಲ್ಲಿ, ಎತ್ತರ ಸರಸರನೆ ಏರುವ ವರ್ಷಗಳಲ್ಲಿ. ಬಹುಪಾಲು ಮಕ್ಕಳಲ್ಲಿ ಕಾರಣ ಇಂಥದ್ದೇ ಎಂದು ಹೇಳಲಾಗುವುದಿಲ್ಲ. ಶಾಲೆಯ ಬ್ಯಾಗು, ಬಿಂದಿಗೆ ಹೊತ್ತದ್ದು, ಒಂದೇ ಮಗ್ಗುಲಲ್ಲಿ ಮಲಗಿದ್ದು ಇದಕ್ಕೆ ಕಾರಣವಲ್ಲ. “ನೆಟ್ಟಗೆ ಕೂತ್ಕೊ ಅಂತ ಹೇಳಿ ಹೇಳಿ ಸಾಕಾಯ್ತು ಮೇಡಂ” ಎನ್ನುವ ಅಮ್ಮಂದಿರಿಗೆ ನನ್ನ ಮೊದಲ ಮಾತು, ಮಗೂನ ಬೈಯಬೇಡಿ ಅಂತ.

ಮನೆಯವರೆಲ್ಲ ಚಿಂತಿಸುವುದು ಬೆನ್ನಿನ ಬಗ್ಗೆ, ಆಮೇಲೆ ಮದುವೆಯ ಬಗ್ಗೆ. ಉಸಿರಿನ ವಿಚಾರ ಯಾರೂ ಎತ್ತುವುದಿಲ್ಲ. ಬೆನ್ನೆಲುಬು ತಿರುಚಿದಾಗ ಅದಕ್ಕೆ ಸೇರಿಕೊಂಡ ಪಕ್ಕೆಲುಬುಗಳೂ ತಿರುಗುತ್ತವೆ. ಒಂದು ಕಡೆ ಹಿಂದಕ್ಕೆ ಉಬ್ಬಿ ಗೂನಿನಂತೆ ಕಾಣುತ್ತವೆ, ಇನ್ನೊಂದು ಕಡೆ ಒತ್ತೊತ್ತಾಗಿ ಕೂರುತ್ತವೆ. ಎದೆಗೂಡು ಕುಲುಮೆಯ ತಿದಿ ಇದ್ದ ಹಾಗೆ. ತೊಗಲು ಗಟ್ಟಿಯಾಗಿದ್ದರೂ ಚೌಕಟ್ಟು ಸೊಟ್ಟಗಾದರೆ ಗಾಳಿ ಸರಿಯಾಗಿ ಎಳೆಯಲಾಗದು. ಶ್ವಾಸಕೋಶಕ್ಕೆ ರೋಗವಿಲ್ಲ, ಅರಳಲು ಜಾಗವಿಲ್ಲ. ಎದೆಯ ಮಟ್ಟದ ಬಾಗು 70 ಡಿಗ್ರಿಯ ಹತ್ತಿರ ಬಂದರೆ ಉಸಿರಿನ ಸಾಮರ್ಥ್ಯ ಎದ್ದು ಕಾಣುವಷ್ಟು ಕುಗ್ಗುತ್ತದೆ. 100 ದಾಟಿದರೆ ಹೃದಯದ ಮೇಲೂ ಭಾರ ಬೀಳಬಹುದು. ಹುಡುಗಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಖೋ ಖೋ ತಂಡ ಬಿಡುತ್ತಾಳೆ. ಮೆಟ್ಟಿಲು ಹತ್ತುವಾಗ ಗೆಳತಿಯರನ್ನು ಮುಂದೆ ಕಳಿಸುತ್ತಾಳೆ.

ಇಂಥ ಮಕ್ಕಳ ಉಸಿರು ಅಳೆಯುವಾಗ ನಿಂತ ಎತ್ತರ ನಂಬುವಂತಿಲ್ಲ. ಬೆನ್ನು ಬಾಗಿ ಎತ್ತರವೇ ಕಡಿಮೆಯಾಗಿರುವುದರಿಂದ, ಆ ಲೆಕ್ಕದಲ್ಲಿ ಪುಟ್ಟ ಶ್ವಾಸಕೋಶವೂ ಸರಿಯಾಗಿದೆ ಎಂದೇ ಕಾಣುತ್ತದೆ. ಅದಕ್ಕೇ ಎರಡೂ ಕೈ ಚಾಚಿಸಿ, ಬೆರಳ ತುದಿಯಿಂದ ತುದಿಗೆ ಅಳೆದು, ಅದನ್ನೇ ಎತ್ತರವೆಂದು ಹಿಡಿಯುತ್ತೇವೆ. ಮಗಳ ಉಸಿರು ಎಷ್ಟು ಹಿಂದೆ ಬಿದ್ದಿದೆ ಎಂದು ಹಲವು ತಂದೆತಾಯಿಗಳಿಗೆ ತಿಳಿಯುವುದೇ ಆಗ.

ಬೆಳೆಯುತ್ತಿರುವ ಮಗುವಿನ ಬಾಗು 45–50 ಡಿಗ್ರಿ ದಾಟಿದರೆ ಸಾಮಾನ್ಯವಾಗಿ ಆಪರೇಷನ್ ಮಾತು ಬರುತ್ತದೆ. ಬೆನ್ನಿನ ಕಡೆಯಿಂದ ತೆರೆದು, ಎಲುಬುಗಳಿಗೆ ಸ್ಕ್ರೂ ಹಾಕಿ, ಲೋಹದ ರಾಡ್‌ಗಳಿಗೆ ಬಿಗಿದು, ಆ ಭಾಗದ ಎಲುಬುಗಳು ಒಂದಕ್ಕೊಂದು ಬೆಸೆದುಕೊಳ್ಳುವಂತೆ ಮಾಡುತ್ತಾರೆ. ಕಾಲು ಸ್ವಾಧೀನ ತಪ್ಪಿಬಿಟ್ಟರೆ ಎಂಬುದು ಎಲ್ಲರ ಭಯ. ಆ ಅಪಾಯ ಇಲ್ಲವೇ ಇಲ್ಲ ಎನ್ನಲಾರೆ, ಆದರೆ ಕಡಿಮೆ. ಆಪರೇಷನ್ ನಡೆಯುವಾಗಲೇ ನರಗಳ ಮೇಲೆ ಕಣ್ಣಿಡುವ ಯಂತ್ರಗಳಿವೆ. ಉಸಿರಿನ ಕಥೆ ಬೇರೆ. ಮೊದಲ ಕೆಲವು ದಿನ ಅದರ ಸಾಮರ್ಥ್ಯ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ನೋವಿಗೆ ಹೆದರಿ ಮಗು ಮೇಲುಸಿರಷ್ಟೇ ಆಡುತ್ತದೆ, ಕೆಮ್ಮಲು ಅಂಜುತ್ತದೆ, ಕಫ ಕಟ್ಟುತ್ತದೆ. ಮೂರು ಚೆಂಡುಗಳ ಪ್ಲಾಸ್ಟಿಕ್ ಸಾಧನ ಬಾಯಿಗಿಟ್ಟು ಉಸಿರೆಳೆದು ಚೆಂಡು ಏರಿಸುವ ಅಭ್ಯಾಸವನ್ನು ಆಪರೇಷನ್‌ಗೆ ಕೆಲವು ವಾರ ಮೊದಲೇ ಶುರುಮಾಡಿಸಬೇಕು. ಒಂದೆರಡು ತಿಂಗಳಲ್ಲಿ ಉಸಿರು ಹಳೆಯ ಮಟ್ಟಕ್ಕೆ ಬರುತ್ತದೆ, ಎರಡು ವರ್ಷದ ಹೊತ್ತಿಗೆ ಅದಕ್ಕಿಂತ ತುಸು ಮೇಲಕ್ಕೂ ಹೋಗಬಹುದು. ತುಸು ಮಾತ್ರ. ಬೆನ್ನು ನೆಟ್ಟಗಾದಷ್ಟು ಉಸಿರು ಮರಳುವುದಿಲ್ಲ. ಆಪರೇಷನ್‌ನ ದೊಡ್ಡ ಉಪಕಾರವೆಂದರೆ ಮುಂದಿನ ನಷ್ಟ ತಡೆಯುವುದು. 50 ಡಿಗ್ರಿ ದಾಟಿದ ಬಾಗು ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸುಮಾರು ಒಂದು ಡಿಗ್ರಿ ಏರುತ್ತಲೇ ಹೋಗಬಹುದು.

ಚಿಕ್ಕ ಮಕ್ಕಳದು ಇನ್ನೂ ಸೂಕ್ಷ್ಮ. ಐದು ವರ್ಷಕ್ಕೆ ಎದೆಗೂಡಿನ ಗಾತ್ರ ದೊಡ್ಡವರದರ ಶೇ 30ರಷ್ಟು, ಹತ್ತು ವರ್ಷಕ್ಕೆ ಅರ್ಧ. ಶ್ವಾಸಕೋಶದ ಗಾಳಿಗೂಡುಗಳು ಹೆಚ್ಚುವುದೂ ಮುಖ್ಯವಾಗಿ ಈ ಮೊದಲ ವರ್ಷಗಳಲ್ಲೇ. ಆ ವಯಸ್ಸಿನಲ್ಲಿ ಬೆನ್ನನ್ನು ಬೆಸೆದುಬಿಟ್ಟರೆ ಎದೆ ಬೆಳೆಯುವುದು ಅಲ್ಲಿಗೇ ಕುಂಠಿತ. ಅದಕ್ಕಾಗಿ ಬೆಳವಣಿಗೆಗೆ ತಕ್ಕಂತೆ ಸುಮಾರು ಆರು ತಿಂಗಳಿಗೊಮ್ಮೆ ಉದ್ದ ಮಾಡುವ ರಾಡ್‌ಗಳನ್ನು ಹಾಕುತ್ತಾರೆ.

ಬೇಗ ಸಿಕ್ಕಿದ ಮಗುವಿಗೆ ಬೇರೆ ದಾರಿಯೂ ಇದೆ. ಬಾಗು 25ರಿಂದ 40 ಡಿಗ್ರಿಯೊಳಗಿದ್ದು ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಬ್ರೇಸ್, ಅಂದರೆ ಮೈಗೆ ಬಿಗಿಯುವ ಪ್ಲಾಸ್ಟಿಕ್ ಕವಚ, ಕೆಲಸ ಮಾಡುತ್ತದೆ. 2013ರಲ್ಲಿ ಅಮೆರಿಕ ಮತ್ತು ಕೆನಡಾದ ಮಕ್ಕಳ ಮೇಲಿನ ಅಧ್ಯಯನ ಪ್ರಕಟವಾಯಿತು. ಬ್ರೇಸ್ ಹಾಕಿದವರಲ್ಲಿ ಶೇ 72 ಮಂದಿಯ ಬಾಗು 50 ಡಿಗ್ರಿ ಮುಟ್ಟಲಿಲ್ಲ. ಹಾಕದವರಲ್ಲಿ ಅದು ಶೇ 48. ದಿನಕ್ಕೆ ಸುಮಾರು 13 ಗಂಟೆ ಹಾಕಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಗೆದ್ದರು. ನಮ್ಮ ಏಪ್ರಿಲ್ ಬಿಸಿಲಲ್ಲಿ ಎದೆಗೆ ಪ್ಲಾಸ್ಟಿಕ್ ಬಿಗಿದುಕೊಂಡು ಇರುವುದು ಸುಲಭವಲ್ಲ, ನಿಜ. ಒಳಗೆ ಹತ್ತಿ ಬನಿಯನ್ ಹಾಕಿ, ರಾತ್ರಿಯ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿದು ಸಾಧಿಸುವ ಹುಡುಗಿಯರನ್ನು ಕಂಡಿದ್ದೇನೆ, ಅವರ ಹಟಕ್ಕೆ ನನ್ನ ಗೌರವವಿದೆ. ಬಾಗು 55 ಡಿಗ್ರಿಯಾದ ಮೇಲೆ ಬಂದ ಮಗುವಿಗೆ ಈ ದಾರಿಯೇ ಇರುವುದಿಲ್ಲ.

2013ರಲ್ಲೇ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಯ ಮಕ್ಕಳ ತಪಾಸಣೆ ನಡೆಯಬೇಕು. ಅದರ ಮೂಲ ಪಟ್ಟಿಯ 30 ತೊಂದರೆಗಳಲ್ಲಿ ಸೊಟ್ಟಪಾದವಿದೆ, ಸೊಂಟದ ಕೀಲಿನ ದೋಷವಿದೆ, ಹಲ್ಲಿನ ಹುಳುಕಿದೆ, ಸ್ಕೋಲಿಯೋಸಿಸ್ ಇಲ್ಲ. ಅದು ಸೇರಬೇಕು. ಎಲ್ಲ ಮಕ್ಕಳ ಬೆನ್ನನ್ನೂ ಹೀಗೆ ತಪಾಸಣೆಯಲ್ಲಿ ನೋಡುವುದರಿಂದ ಲಾಭವಿದೆ ಎನ್ನಲು ಪುರಾವೆ ಸಾಲದು ಎಂದು 2018ರಲ್ಲಿ ಅಮೆರಿಕದ ತಜ್ಞರ ಕಾರ್ಯಪಡೆ ಹೇಳಿತ್ತು. ಸಣ್ಣ ಬಾಗಿಗೂ ಎಕ್ಸ್‌ರೇ ತೆಗೆಸಿ ಮನೆಯವರನ್ನು ಹೆದರಿಸುವ ಅಪಾಯ ಇದ್ದೇ ಇದೆ. ಆದರೆ ಜ್ವರ ಬಂದರಷ್ಟೇ ಡಾಕ್ಟರ ಮುಖ ನೋಡುವ ನಮ್ಮ ಹಳ್ಳಿಯ ಹುಡುಗಿಗೆ, ಶಾಲೆಯಲ್ಲಿ ನೋಡದಿದ್ದರೆ ಇನ್ನೆಲ್ಲಿ ನೋಡುತ್ತಾರೆ?

ಪರೀಕ್ಷೆಗೆ ಯಂತ್ರ ಬೇಡ. ಪಾದ ಜೋಡಿಸಿ, ಮಂಡಿ ಮಡಿಸದೆ, ಅಂಗೈ ಕೂಡಿಸಿ ಮಗು ಮುಂದಕ್ಕೆ ಬಾಗಬೇಕು. ಹಿಂದೆ ನಿಂತು ಬೆನ್ನಿನ ಎರಡೂ ಪಕ್ಕ ಸಮ ಇವೆಯೇ ಎಂದು ನೋಡಬೇಕು. ಅರ್ಧ ನಿಮಿಷದ ಕೆಲಸ. ಹುಡುಗಿಯರನ್ನು ಶಿಕ್ಷಕಿಯರೇ, ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬೊಬ್ಬರನ್ನಾಗಿ ನೋಡಬೇಕು. ಅನುಮಾನ ಬಂದರೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಡಬೇಕು.

ಇಡೀ ರಾಜ್ಯಕ್ಕೆ ಆದೇಶ ಬರುವವರೆಗೆ ಕಾಯಬೇಕಿಲ್ಲ. ಗುಬ್ಬಿ, ಕುಣಿಗಲ್ ಎರಡೂ ತುಮಕೂರು ಶೈಕ್ಷಣಿಕ ಜಿಲ್ಲೆಗೇ ಸೇರಿವೆ. ಐದರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ಈ ಎರಡು ತಾಲ್ಲೂಕುಗಳಲ್ಲಿ ಬರುವ ಜೂನ್‌ನಿಂದಲೇ ಶುರುಮಾಡಬಹುದು. ದೈಹಿಕ ಶಿಕ್ಷಕರಿಗೂ ಹುಡುಗಿಯರನ್ನು ನೋಡುವ ಶಿಕ್ಷಕಿಯರಿಗೂ ಒಂದು ಮಧ್ಯಾಹ್ನದ ತರಬೇತಿ ಸಾಕು. ಶಿಕ್ಷಣ ಇಲಾಖೆಯ ಉಪನಿರ್ದೇಶಕರು ದಿನ ಗೊತ್ತು ಮಾಡಿದರೆ, ಬಂದು ಹೇಳಿಕೊಡಲು ನಾನು ಸಿದ್ಧಳಿದ್ದೇನೆ.