ಕಡಲಿನ ಕವಿತೆ ಬರೆಯುವವರಿಗೆ ಈಜು ಬರುತ್ತದೆಯೆ?

ನಮ್ಮ ಸಂಚಿಕೆಗೆ ಬರುವ ಹತ್ತು ಕವಿತೆಗಳಲ್ಲಿ ನಾಲ್ಕರಲ್ಲಾದರೂ ಕಡಲು ಇರುತ್ತದೆ. ಮುಂಬಯಿಯಲ್ಲಿ ಕೂತು ಬರೆಯುವವರಿಗೆ ಅದು ಸಹಜವೇ. ಸಂಜೆ ಮರೀನ್ ಡ್ರೈವ್ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತರೆ ಊರು ನೆನಪಾಗುತ್ತದೆ, ಊರು ನೆನಪಾದರೆ ಕವಿತೆ ಬರುತ್ತದೆ, ಕವಿತೆ ಬಂದ ಮೇಲೆ ಕಡಲಿನ ಆಳವೂ ಬಂದೇ ಬರುತ್ತದೆ. ಆಳ ಎಂದರೆ ಅನಂತ, ಆಳ ಎಂದರೆ ಸಾವು, ಆಳ ಎಂದರೆ ಅವಳ ಕಣ್ಣು. ಈ ಪ್ರತಿಮೆಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ನನ್ನ ಪ್ರಶ್ನೆ ಬಹಳ ಚಿಲ್ಲರೆಯದು: ಈ ಕವಿಗಳಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೆ?

ಇದೂ ಒಂದು ವಿಮರ್ಶೆಯೇ ಅಂತ ನಗಬೇಡಿ. ಆಳವಾದ ನೀರನ್ನು ಕಂಡರೆ ನಮಗೆ ಹೆದರಿಕೆ, ಹಾಗೆಯೇ ಒಂದು ಸೆಳೆತ. ಬಾವಿಯ ಕಟ್ಟೆಗೆ ಕೈಯೂರಿ ಬಗ್ಗಿ ನೋಡಿದವರಿಗೆಲ್ಲ ಗೊತ್ತು, ಹೊಟ್ಟೆಯಲ್ಲಿ ಏನೋ ಜಗ್ಗಿದಂತಾಗುತ್ತದೆ, ಆದರೂ ಇನ್ನೊಂದು ಸಲ ಬಗ್ಗುತ್ತೇವೆ. ಸಾಮಾನ್ಯವಾಗಿ ಇವೆರಡೂ ಒಂದಕ್ಕೊಂದು ವಿರುದ್ಧವಾದ ಭಾವಗಳು, ಹೆದರಿಕೆ ಜಾಸ್ತಿ ಇದ್ದವನು ಹೆಚ್ಚು ಸುರಕ್ಷಿತ ಎಂದು ತಿಳಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಹುಟ್ಟುವುದು ನೀರಿನ ಪರಿಚಯ ಇಲ್ಲದ ಕಡೆ. ಪರಿಚಯ ಇಲ್ಲದವನ ಭಯ ಅವನನ್ನು ಕಾಯುವುದಿಲ್ಲ. ಗೆಳೆಯರ ಗುಂಪು, ರಜೆಯ ದಿನ, ಒಂದಿಷ್ಟು ಬಿಸಿಲು ಸೇರಿದರೆ ಸಾಕು, ಅದು ಅರ್ಧ ಗಂಟೆಯಲ್ಲಿ ಮೋಹವಾಗಿ ತಿರುಗಿ ಅವನನ್ನು ನೀರಿಗೆ ಇಳಿಸುತ್ತದೆ.

ಮೊದಲು ನಮ್ಮ ಎದುರಿಗಿರುವ ಕಡಲನ್ನೇ ನೋಡೋಣ. ಕಟ್ಟೆಯ ಮೇಲೆ ಕೂತು ನಾವು ಯಾವುದನ್ನು ಅಥಾಹ, ಅಗಾಧ ಎಂದು ಬರೆಯುತ್ತೇವೋ ಆ ನೀರು ಆಳವೇ ಅಲ್ಲ! ಭಾರತದ ಪಶ್ಚಿಮ ಕರಾವಳಿಯ ಎದುರಿಗೆ ನೀರಿನಡಿಯಲ್ಲಿ ಒಂದು ತಟ್ಟೆ ನೆಲವಿದೆ, ಮುಂಬಯಿಯ ಮುಂದೆ ಅದು ಬಹಳ ಅಗಲ. 1974ರಲ್ಲಿ ಎಣ್ಣೆ ಸಿಕ್ಕ ಬಾಂಬೆ ಹೈ ಇಲ್ಲಿಂದ ಸುಮಾರು 160 ಕಿಲೋಮೀಟರ್ ದೂರ ಕಡಲೊಳಗಿದೆ. ಅಷ್ಟು ದೂರ ಹೋದ ಮೇಲೂ ಅಲ್ಲಿ ನೀರಿನ ಆಳ ಸುಮಾರು 75 ಮೀಟರ್ ಮಾತ್ರ. ಬಿಜಾಪುರದ ಕಡೆಯ ಗೆಳೆಯರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಒಂದೂವರೆ ಗೋಲಗುಮ್ಮಟ. ಜೋಗದ ಗುಂಡಿಗೆ ಬೀಳುವ ನೀರು ಇದರ ಮೂರು ಪಟ್ಟಿಗಿಂತ ಎತ್ತರದಿಂದ ಬೀಳುತ್ತದೆ. ಕವಿಗಳು ಬೇಜಾರು ಮಾಡಿಕೊಳ್ಳಬಾರದು.

ಆದರೆ ಮುಳುಗುವವನಿಗೆ 75 ಮೀಟರ್ ಬೇಕಾಗಿಲ್ಲ. ಈ ವಿಷಯ ನಮ್ಮ ಭಾಷೆಗೆ ನಮಗಿಂತ ಚೆನ್ನಾಗಿ ಗೊತ್ತು. ಕನ್ನಡದಲ್ಲಿ ನೀರನ್ನು ಅಳೆಯುವುದು ಮೈಯಿಂದ: ಪಾದ ಮುಳುಗುವಷ್ಟು, ಮೊಣಕಾಲುದ್ದ, ನಡುಮಟ್ಟ, ಎದೆಮಟ್ಟ, ಕುತ್ತಿಗೆವರೆಗೆ, ಆಳುದ್ದ. ‘ಕೆರೆಗೆ ಹಾರ’ದಲ್ಲಿ ಭಾಗೀರತಿ ಮೆಟ್ಟಿಲು ಹತ್ತುತ್ತಿದ್ದಂತೆ ನೀರು ಏರುವುದೂ ಇದೇ ಲೆಕ್ಕದಲ್ಲಿ. ಆ ಹಾಡನ್ನು ಕಟ್ಟಿದವರು ಕೆರೆಯಲ್ಲಿ ನಿಂತು ಬಟ್ಟೆ ಒಗೆದವರು, ಅದಕ್ಕೇ ಅದನ್ನು ಓದುವಾಗ ಇವತ್ತೂ ಮೈ ತಣ್ಣಗಾಗುತ್ತದೆ. ಆಳುದ್ದ ದಾಟಿದ ಮೇಲೆ ಈಜು ಬಾರದವನಿಗೆ ಎಲ್ಲ ನೀರೂ ಒಂದೇ. ಈಜು ಬಲ್ಲವನಿಗೂ ಎಲ್ಲ ನೀರೂ ಒಂದೇ, ಕಾರಣ ಮಾತ್ರ ಬೇರೆ. ಎರಡಾಳುದ್ದದ ಬಾವಿಯ ಮೇಲೆ ತೇಲುವುದಕ್ಕೂ ಹತ್ತು ಸಾವಿರ ಮೀಟರ್ ಸಾಗರದ ಮೇಲೆ ತೇಲುವುದಕ್ಕೂ ಬೇಕಾದ ಬಲ ಒಂದೇ. ಕೆಳಗೆ ಎಷ್ಟಿದೆ ಎಂಬುದು ಮೇಲೆ ತೇಲುವ ಮೈಗೆ ಸಂಬಂಧಿಸಿದ್ದಲ್ಲ. ಅಂದರೆ ನಾವು ಹೆದರುವುದು ಆಳಕ್ಕೆ, ಕೊಲ್ಲುವುದು ಬೇರೆ ಏನೋ.

ಏನು ಕೊಲ್ಲುತ್ತದೆ? 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಪೇಪರಿನಲ್ಲಿ ಆ ಸುದ್ದಿ ಓದಿದ ಮೇಲೆ ನನಗೆ ಬಹಳ ದಿನ ಒಂದೇ ವಿಷಯ ಕೊರೆಯುತ್ತಿತ್ತು. ಕೋಲಾರ ಎಂದರೆ ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲದ ಸೀಮೆ, ಹಿಂದಿನವರು ಸಾವಿರಾರು ಕೆರೆ ಕಟ್ಟಿ ಬದುಕಿದ ಸೀಮೆ. ಆ ಕೆರೆಗಳಲ್ಲಿ ಎಷ್ಟೋ ಬತ್ತಿದ ಮೇಲೆ ಅಲ್ಲಿಯ ಮಕ್ಕಳು ನೀರಿನ ಸಹವಾಸ ಮಾಡುವುದಾದರೂ ಎಲ್ಲಿ? ಅಂಥ ಊರಿನ ಮಕ್ಕಳನ್ನು ನಾವು ನೇರವಾಗಿ ಅರಬ್ಬಿ ಸಮುದ್ರದ ಎದುರು ಬಸ್ಸಿನಿಂದ ಇಳಿಸುತ್ತೇವೆ. ಇಳಿಸುವಾಗ ಕೊಡುವ ಜ್ಞಾನ ಒಂದೇ ವಾಕ್ಯ: ‘ನೀರಿನ ಹತ್ರ ಹೋಗ್ಬೇಡಿ.’ ನೂರಾರು ಮೈಲಿ ಬಂದದ್ದು ನೀರಿನ ಹತ್ತಿರ ಹೋಗುವುದಕ್ಕೇ ಅಲ್ಲವೆ!

ಕಡಲ ತೀರದಲ್ಲಿ ನಡೆಯುವುದು ಇಷ್ಟು. ಅಲೆಗಳು ನೀರನ್ನು ದಂಡೆಗೆ ತಂದು ರಾಶಿ ಹಾಕುತ್ತಲೇ ಇರುತ್ತವೆ. ಆ ನೀರು ವಾಪಸು ಹೋಗಲೇಬೇಕು. ಮರಳದಿಬ್ಬಗಳ ನಡುವೆ ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿಂದ ಅದು ಓಣಿಯಲ್ಲಿ ನುಗ್ಗುವ ಹೊಳೆಯ ಹಾಗೆ ಒಳಕ್ಕೆ ಓಡುತ್ತದೆ. ಆ ಓಣಿಯಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆ ಕಡಿಮೆ, ನೋಡುವುದಕ್ಕೆ ಶಾಂತ. ಈಜು ಬಾರದವರು ‘ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ’ ಅಂತ ಆರಿಸಿಕೊಳ್ಳುವುದು ಅದೇ ಜಾಗವನ್ನು. ಒಮ್ಮೆ ಕಾಲು ತಪ್ಪಿದರೆ ಒಳ್ಳೆಯ ಈಜುಗಾರನೂ ಅದರ ವಿರುದ್ಧ ಈಜಿ ದಂಡೆ ಮುಟ್ಟಲಾರ. ಆದರೆ ಅದು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಒಳಕ್ಕೆ ಒಯ್ಯುತ್ತದೆ ಅಷ್ಟೆ. ಓಣಿ ಅಗಲವೂ ಇರುವುದಿಲ್ಲ. ಗಾಬರಿಯಾಗದೆ ತೇಲಿಕೊಂಡಿದ್ದು, ದಂಡೆಗೆ ಸಮಾನಾಂತರವಾಗಿ ಸ್ವಲ್ಪ ದೂರ ಹೋದರೆ ಹಿಡಿತ ಬಿಡುತ್ತದೆ, ಆಮೇಲೆ ಅಲೆಗಳೇ ದಂಡೆಯ ಕಡೆ ತಳ್ಳುತ್ತವೆ. ಈ ನಾಲ್ಕು ಮಾತನ್ನು ಹೇಳುವುದಕ್ಕೆ ಐದು ನಿಮಿಷ ಬೇಕು. ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾನು ಇದನ್ನು ಓದಿದ ನೆನಪಿಲ್ಲ. ಅಕ್ಬರನ ಮನಸಬ್‌ದಾರಿ ಪದ್ಧತಿ ಮಾತ್ರ ಇವತ್ತೂ ಬಾಯಿಪಾಠ ಇದೆ.

ಇನ್ನೊಂದು ವಿಷಯ. ಸಿನಿಮಾದಲ್ಲಿ ಮುಳುಗುವವರು ಕೈ ಮೇಲೆತ್ತಿ ‘ಕಾಪಾಡಿ, ಕಾಪಾಡಿ’ ಎಂದು ಕೂಗುತ್ತಾರೆ. ನಿಜವಾಗಿ ಮುಳುಗುವವರು ಬಹುಪಾಲು ಸದ್ದು ಮಾಡುವುದೇ ಇಲ್ಲ. ಬಾಯಿ ನೀರಿನ ಮೇಲೆ ಬಂದ ಕ್ಷಣದಲ್ಲಿ ಉಸಿರು ಎಳೆದುಕೊಳ್ಳುವುದಕ್ಕೇ ಸಮಯ ಸಾಲದು, ಕೂಗುವುದೆಲ್ಲಿ ಬಂತು? ಕೈಗಳು ಮೇಲೇಳುವುದಿಲ್ಲ, ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ತಲೆ ಹಿಂದಕ್ಕೆ ವಾಲಿರುತ್ತದೆ. ಎಲ್ಲ ಒಂದು ನಿಮಿಷದೊಳಗೆ. ಹತ್ತು ಅಡಿ ದೂರದಲ್ಲಿ ಫೋಟೋ ತೆಗೆಯುತ್ತಿರುವವರಿಗೆ ಅದು ಆಟ ಎಂದೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ಹೀಗೆ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಮೂವತ್ತು ದಾಟದವರು. ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಡುವ 2022ರ ಲೆಕ್ಕ 35 ಸಾವಿರ ಮೀರುತ್ತದೆ. ಇವರೆಲ್ಲ ಮಹಾಸಾಗರದಲ್ಲಿ ಸತ್ತವರಲ್ಲ. ಕೆರೆ, ಬಾವಿ, ಕಾಲುವೆ, ಕಲ್ಲುಕ್ವಾರಿಯ ಹೊಂಡ ಇವೂ ಅಷ್ಟೇ ಬಲಿ ತೆಗೆದುಕೊಳ್ಳುತ್ತವೆ.

ಹಾಗಾದರೆ ಭಯವೇ ಬೇಡವೆ? ಬೇಕು. ಆದರೆ ಮೊಗವೀರರಿಗೆ ಇರುವಂಥ ಭಯ ಬೇಕು. ಮಲ್ಪೆಯವರೋ ಇಲ್ಲಿಯ ವರ್ಸೋವಾದ ಕೋಳಿ ಜನರೋ ಕಡಲಿಗೆ ಹೆದರುವುದಿಲ್ಲ ಎಂದು ನಾವು ಅಂದುಕೊಂಡಿದ್ದೇವೆ. ಅವರಷ್ಟು ಹೆದರುವವರು ಇನ್ನೊಬ್ಬರಿಲ್ಲ. ಶ್ರಾವಣದ ಹುಣ್ಣಿಮೆಗೆ ಅವರು ಕಡಲಿಗೆ ತೆಂಗಿನಕಾಯಿ ಕೊಡುವುದು ಸುಮ್ಮನೆ ಅಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸರ್ಕಾರದ ಕಾನೂನು ಮೀನಿನ ಸಂತಾನಕ್ಕಾಗಿ ಬಂದದ್ದಿರಬಹುದು, ಮಳೆಗಾಲದ ಕಡಲಿನಿಂದ ದೂರ ಇರಬೇಕೆಂಬ ತಿಳಿವಳಿಕೆ ಕಾನೂನಿಗಿಂತ ಹಳೆಯದು. ಅವರ ಭಯಕ್ಕೊಂದು ಪಂಚಾಂಗವಿದೆ. ಯಾವ ತಿಂಗಳು, ಯಾವ ಗಾಳಿ, ಯಾವ ಬಣ್ಣದ ನೀರು, ಇಷ್ಟು ವಿವರ ಗೊತ್ತಿದೆ. ನಮ್ಮ ಭಯಕ್ಕೆ ವಿವರವೇ ಇಲ್ಲ.

ಬರೀ ಭಯವನ್ನು ಧಾರಾಳವಾಗಿ ಹಂಚುವುದು ಹುಡುಗಿಯರಿಗೆ. ಊರಲ್ಲಿ ಹುಡುಗರು ಹೇಗೋ ಕಲಿಯುತ್ತಾರೆ. ಸೊಂಟಕ್ಕೆ ಸೋರೆಬುರುಡೆಯೋ ಟೈರಿನ ಟ್ಯೂಬೋ ಕಟ್ಟಿ ಅಣ್ಣನೊಬ್ಬ ಬಾವಿಗೆ ತಳ್ಳುತ್ತಾನೆ, ನಾಲ್ಕು ಗುಟುಕು ನೀರು ಕುಡಿದು ಈಸು ಬರುತ್ತದೆ. ಅದೇ ಬಾವಿಯಿಂದ ದಿನಕ್ಕೆ ಇಪ್ಪತ್ತು ಕೊಡ ನೀರು ಸೇದುವ ತಂಗಿಗೆ ಯಾರೂ ಕಲಿಸುವುದಿಲ್ಲ. ಅಷ್ಟೇ ಅಲ್ಲ, ಸಿಟ್ಟು ಬಂದಾಗ ‘ಕೆರೆ ಬಾವಿ ನೋಡ್ಕೋ’ ಎಂಬ ಮಾತು ನಮ್ಮ ಮನೆಗಳಲ್ಲಿ ಬೀಳುವುದೂ ಹೆಚ್ಚಾಗಿ ಹೆಂಗಸರ ಮೇಲೆಯೇ. ತಕಳಿಯವರ ‘ಚೆಮ್ಮೀನ್’ ಓದಿದವರಿಗೆ ಗೊತ್ತಿದೆ: ದಂಡೆಯಲ್ಲಿರುವ ಹೆಂಡತಿ ನಡತೆ ಕೆಟ್ಟರೆ ಕಡಲಿಗೆ ಹೋದ ಗಂಡನನ್ನು ಕಡಲಮ್ಮ ನುಂಗುತ್ತಾಳೆ ಎಂಬ ನಂಬಿಕೆಯ ಮೇಲೆ ಆ ಕಾದಂಬರಿ ನಿಂತಿದೆ. ಬಿರುಗಾಳಿಯ ತಪ್ಪೂ ಕೊನೆಗೆ ಹೆಂಗಸಿನ ಲೆಕ್ಕಕ್ಕೇ. ನೀರನ್ನು ದೇವತೆ ಮಾಡಿದವರು, ಶಿಕ್ಷೆ ಮಾಡಿದವರು, ಹೆಣ್ಣಿಗೆ ಉಳಿದ ಒಂದೇ ದಾರಿ ಎಂಬಂತೆ ಮಾತಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಕೈಕಾಲು ಆಡಿಸುವುದು ಹೀಗೆ ಎಂದು ಹೇಳಿಕೊಟ್ಟವರು ಬೆರಳೆಣಿಕೆ. ಹೀಗೆ ಬರೆದರೆ ನಮ್ಮ ಕೆಲವು ಹಿರಿಯರಿಗೆ ಕೋಪ ಬರಬಹುದು, ಬರಲಿ.

ನಿಜವಾದ ಆಳದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದರ ಮೋಹ ನನಗೂ ಇದೆ, ಅದು ತಪ್ಪೆಂದು ಯಾರು ಹೇಳಿದರೂ ಒಪ್ಪುವವನಲ್ಲ. 200 ಮೀಟರ್ ಇಳಿದರೆ ಬೆಳಕು ಕ್ಷೀಣ, 1,000 ಮೀಟರ್ ದಾಟಿದರೆ ಸೂರ್ಯನ ಲವಲೇಶವೂ ಇಲ್ಲ. ಪ್ರತಿ 10 ಮೀಟರ್‌ಗೆ ಒಂದು ವಾಯುಮಂಡಲದಷ್ಟು ಒತ್ತಡ ಮೈಮೇಲೆ ಏರುತ್ತದೆ. ಶಾಂತಸಾಗರದ ಮರಿಯಾನಾ ಕಂದಕ ಸುಮಾರು 10,900 ಮೀಟರ್, ಎವರೆಸ್ಟನ್ನು ಅದರೊಳಗೆ ಇಟ್ಟರೆ ಶಿಖರದ ಮೇಲೆ ಇನ್ನೂ ಎರಡು ಕಿಲೋಮೀಟರ್ ನೀರು ನಿಲ್ಲುತ್ತದೆ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಎಂಬಿಬ್ಬರು ‘ಟ್ರಿಯೆಸ್ಟ್’ ಎಂಬ ನೌಕೆಯಲ್ಲಿ ಅದರ ತಳ ಮುಟ್ಟಿದರು. ಪೆಟ್ರೋಲು ತುಂಬಿದ ದೊಡ್ಡ ತೇಲುಬುರುಡೆ, ಅದರ ಕೆಳಗೆ ಐದು ಅಂಗುಲ ದಪ್ಪದ ಉಕ್ಕಿನ ಗುಂಡು, ಆ ಗುಂಡಿನೊಳಗೆ ಇಬ್ಬರು. (ಬಾವಿಯ ಸೋರೆಬುರುಡೆಯ ತತ್ತ್ವವೇ ನೋಡಿ!) ಇಳಿಯುವುದಕ್ಕೆ ಐದು ಗಂಟೆಯ ಹತ್ತಿರ ಹತ್ತಿರ. ಸುಮಾರು 9,000 ಮೀಟರ್‌ನಲ್ಲಿ ಒಂದು ಕಿಟಕಿ ಗಾಜು ಢಮ್ಮೆಂದು ಸೀಳುಬಿಟ್ಟು ನೌಕೆ ನಡುಗಿತು. ಇಬ್ಬರೂ ಉಪಕರಣಗಳನ್ನು ನೋಡಿ, ಎಲ್ಲ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು ಮುಂದಕ್ಕೆ ಇಳಿದರು. ತಳದಲ್ಲಿದ್ದದ್ದು ಇಪ್ಪತ್ತು ನಿಮಿಷ. ಕದಡಿದ ಕೆಸರಿನಲ್ಲಿ ಒಂದು ಫೋಟೋ ಕೂಡ ತೆಗೆಯಲಾಗಲಿಲ್ಲ.

ಇದರ ಪಕ್ಕದಲ್ಲಿ 2023ರ ಜೂನ್ 18ನ್ನು ಇಟ್ಟು ನೋಡಿ. ಟೈಟಾನಿಕ್ ಹಡಗಿನ ಅವಶೇಷ ನೋಡಲು ಹೊರಟ ‘ಟೈಟನ್’ ಎಂಬ ಜಲಾಂತರ್ವಾಹನ ಒತ್ತಡಕ್ಕೆ ನುಚ್ಚುನೂರಾಗಿ ಐವರು ಸತ್ತರು. ಅವಶೇಷ ಇರುವುದು 3,800 ಮೀಟರ್ ಆಳದಲ್ಲಿ, ಪಿಕಾರ್ ಇಳಿದದ್ದರ ಅರ್ಧವೂ ಅಲ್ಲ. ಇಂಥ ಪ್ರಯೋಗ ಅಪಾಯಕಾರಿ ಎಂದು ಆ ಕ್ಷೇತ್ರದ ತಜ್ಞರು 2018ರಲ್ಲೇ ಬರೆದು ಎಚ್ಚರಿಸಿದ್ದರು. ಹಣ, ಇಂಗ್ಲಿಷು, ಎಂಜಿನಿಯರಿಂಗು ಎಲ್ಲ ಇದ್ದರೂ ಅದು ಕೊನೆಗೆ ‘ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ’ ಎಂಬ ಪಿಕ್‌ನಿಕ್ ಬುದ್ಧಿಯೇ. ನಮ್ಮವರೂ ಈಗ ಇಳಿಯುವ ತಯಾರಿಯಲ್ಲಿದ್ದಾರೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರನ್ನು 6,000 ಮೀಟರ್ ಕೆಳಗೆ ಒಯ್ಯುವ ಯೋಜನೆಗೆ ನೌಕೆ ಕಟ್ಟಿದೆ, ಹೆಸರು ‘ಮತ್ಸ್ಯ 6000’. ಅವತಾರದ ಹೆಸರಿಟ್ಟದ್ದಕ್ಕೆ ನನ್ನ ಆಕ್ಷೇಪಣೆ ಇಲ್ಲ, ಗಾಜಿನ ದಪ್ಪವನ್ನು ನಾಲ್ಕು ಸಲ ಅಳೆದಿದ್ದರೆ ಸಾಕು.

ಇನ್ನು ಸಾಹಿತ್ಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಸಂಪಾದಕರು ಇದನ್ನು ವಿಜ್ಞಾನ ವಿಭಾಗಕ್ಕೆ ಕಳಿಸಿಬಿಟ್ಟಾರು. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲಿದೆ. ಅಲ್ಲಿ ಅದು ಯಾವುದರ ಸಂಕೇತವೂ ಅಲ್ಲ, ನೆರೆಮನೆಯವರ ಹಾಗೆ ಮಗ್ಗುಲಲ್ಲೇ ಇದ್ದು ಮಳೆಗಾಲದಲ್ಲಿ ರೇಗುತ್ತದೆ. ಆದ್ದರಿಂದಲೇ ಅದು ನಮ್ಮನ್ನು ಹೆದರಿಸುತ್ತದೆ. ರನ್ನನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ನೀರಿನ ತಂಪೊಳಗೆ ಕೂತವನಿಗೂ ಭೀಮನ ಗರ್ಜನೆ ಮುಟ್ಟುತ್ತದೆ, ಬೆವರು ಬರುತ್ತದೆ. ಅಡಗಲು ಹೋದ ಜಾಗವೇ ಸುಡುವಂತೆ ಮಾಡಿದ ಆ ಕವಿಗೆ ನೀರು ಅಂದರೆ ಚರ್ಮಕ್ಕೆ ತಾಗುವ ವಸ್ತು. ನಮ್ಮ ಕವಿತೆಯ ಕಡಲು ಯಾರ ಚರ್ಮಕ್ಕೂ ತಾಗುವುದಿಲ್ಲ, ಅದರಲ್ಲಿ ಉಪ್ಪಿಲ್ಲ, ಮರಳಿಲ್ಲ, ಮಾಹೀಮಿನ ಕೊಲ್ಲಿಯ ವಾಸನೆಯಂತೂ ಮೊದಲೇ ಇಲ್ಲ. ಮಲೆನಾಡಿನವರಾದ ಜಿ.ಎಸ್. ಶಿವರುದ್ರಪ್ಪನವರು ಕಾಣದ ಕಡಲಿಗಾಗಿ ಹಂಬಲಿಸಿ ಬರೆದದ್ದು ಬೇರೆ ಮಾತು, ಅವರು ಕಂಡಿಲ್ಲವೆಂದು ಹೇಳಿಯೇ ಬರೆದರು. ನಾವು ದಿನಾ ಲೋಕಲ್ ಟ್ರೇನಿನಿಂದ ಕಂಡೂ ಕಾಣದ ಹಾಗೆ ಬರೆಯುತ್ತೇವೆ.

ದಾದರಿನಲ್ಲಿ ಶಿವಾಜಿ ಪಾರ್ಕಿನ ಬಳಿ ಮಹಾನಗರಪಾಲಿಕೆಯ ಈಜುಕೊಳವಿದೆ. ನಗರದಲ್ಲಿ ಬೇರೆಯವೂ ಇವೆ. ಪ್ರತಿ ವರ್ಷ ನಮ್ಮ ಸಂಘ ಡಿಸೆಂಬರಿನಲ್ಲಿ ಅಲಿಬಾಗಿಗೋ ಗೊರಾಯಿಗೋ ಬಸ್ಸು ಮಾಡುತ್ತದೆ. ಈ ಸಲ ಕಾರ್ಯಕಾರಿ ಸಮಿತಿಯಲ್ಲಿ ಊಟದ ಮೆನು, ಅಂತಾಕ್ಷರಿ, ಬಾಡಿಗೆ ಎಲ್ಲ ಚರ್ಚೆಯಾದ ಮೇಲೆ ನಾನು ಎದ್ದು ನಿಂತು ಒಂದು ಪ್ರಶ್ನೆ ಕೇಳುವವನಿದ್ದೇನೆ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸುವವನಿದ್ದೇನೆ: ಬಸ್ಸು ಹತ್ತುವ ನಲವತ್ತು ಜನರಲ್ಲಿ ಈಜು ಬರುವವರು ಎಷ್ಟು, ಅವರಲ್ಲಿ ಹುಡುಗಿಯರು ಎಷ್ಟು?