ಏಜೆಂಟರ ತನಿಖೆಗೆ ಗಡುವು ಬೇಕು

ನೋಂದಾಯಿತ ರಿಯಲ್ ಎಸ್ಟೇಟ್ ಏಜೆಂಟನೊಬ್ಬ ಸುಳ್ಳು ಹೇಳಿ ಸೈಟು ಮಾರಿಸಿದನೆಂಬ ಆರೋಪದ ತನಿಖೆ ಎಷ್ಟು ದಿನಗಳಲ್ಲಿ ಮುಗಿಯಬೇಕು? 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಉತ್ತರ ಸಿಗುವುದಿಲ್ಲ.

ಕಾಯ್ದೆ ದುರ್ಬಲವಾದುದೇನಲ್ಲ. ನೋಂದಣಿಯಾಗದ ಯೋಜನೆಯ ನಿವೇಶನವನ್ನು ಏಜೆಂಟ್ ಮಾರಿಸುವಂತಿಲ್ಲ. ಇಲ್ಲದ ಅನುಮೋದನೆಯನ್ನು ಇದೆ ಎನ್ನುವಂತಿಲ್ಲ. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿ ಮೌಲ್ಯದ ಶೇ 5ರವರೆಗೆ ದಂಡ. ನೋಂದಣಿಯನ್ನು ಅಮಾನತಿನಲ್ಲಿಡಬಹುದು, ರದ್ದುಪಡಿಸಲೂಬಹುದು.

ರೇರಾ ಪ್ರಾಧಿಕಾರದ ಮುಂದೆ ಬಂದ ಅರ್ಜಿ 60 ದಿನಗಳಲ್ಲಿ ಇತ್ಯರ್ಥವಾಗಬೇಕು, ಆಗದಿದ್ದರೆ ಕಾರಣವನ್ನು ಬರೆದಿಡಬೇಕು ಎಂದು 29ನೇ ಕಲಂ ಹೇಳುತ್ತದೆ. ಆದರೆ 35ನೇ ಕಲಂನಡಿ ಪ್ರಾಧಿಕಾರ ಏಜೆಂಟರ ಮೇಲೆ ನಡೆಸುವ ತನಿಖೆಗೆ ಅಂಥ ಗಡುವಿಲ್ಲ. ರಾಜ್ಯದಲ್ಲಿ ಏಜೆಂಟರ ನೋಂದಣಿ ಐದು ವರ್ಷ ಊರ್ಜಿತ. ತನಿಖೆ ಎಳೆದಷ್ಟು ಕಾಲವೂ ಪ್ರಮಾಣಪತ್ರ ಕಚೇರಿಯ ಗೋಡೆಯಲ್ಲೇ ತೂಗುತ್ತಿರುತ್ತದೆ. ಅದನ್ನು ನೋಡಿಯೇ ಮತ್ತೊಬ್ಬ ಗಿರಾಕಿ ಮುಂಗಡ ಕೊಡುತ್ತಾನೆ.

ತನಿಖೆಯ ಗಡುವಿನಷ್ಟೇ ಮುಖ್ಯ, ದೂರು ಕೊಡಲು ಎಷ್ಟು ಕಾಲವಿರಬೇಕು ಎಂಬ ಪ್ರಶ್ನೆ. ಮಲೆನಾಡಿನಲ್ಲಿ ವಂಚನೆ ಬಯಲಾಗುವುದೇ ತಡವಾಗಿ. ಹೇಮಾವತಿ ಹುಟ್ಟುವ ಜಾವಳಿಯಲ್ಲಾಗಲಿ, ಮೂಡಿಗೆರೆ, ಕಳಸಗಳಲ್ಲಾಗಲಿ ಬೇಸಿಗೆಯಲ್ಲಿ ಜಾಗ ನೋಡಿದವರಿಗೆ ಮಳೆಗಾಲದ ದಾರಿಯ ಕಲ್ಪನೆ ಇರುವುದಿಲ್ಲ. ಕಾಗದಪತ್ರಗಳ ದೋಷ ಹೊರಬರಲು ಇನ್ನೂ ಹೆಚ್ಚು ಕಾಲ ಬೇಕು. ಭೂಪರಿವರ್ತನೆ ಆಗಿಲ್ಲವೆಂಬುದು ಮನೆ ಕಟ್ಟಲು ಪಂಚಾಯಿತಿಗೆ ಅರ್ಜಿ ಹಾಕಿದಾಗ ತಿಳಿಯುತ್ತದೆ. ಪೋಡಿಯಾಗದ ಸರ್ವೆ ನಂಬರಿನ ಚೆಕ್ಕುಬಂದಿ ತಕರಾರು ನೆರೆಯವನು ಬೇಲಿ ಹಾಕಲು ಬಂದ ದಿನ ಎದುರಾಗುತ್ತದೆ. ಅಷ್ಟರಲ್ಲಿ ಮೂರ್ನಾಲ್ಕು ಮಳೆಗಾಲ ಕಳೆದಿರುತ್ತವೆ.

ಆದ್ದರಿಂದ ದೂರಿನ ಕಾಲಮಿತಿಯನ್ನು ವಂಚನೆ ನಡೆದ ದಿನದಿಂದಲ್ಲ, ಅದು ತಿಳಿದ ದಿನದಿಂದ ಎಣಿಸುವುದು ನ್ಯಾಯ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಏಜೆಂಟರ ಮೇಲಿನ ಶಿಸ್ತುಕ್ರಮಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಮಿತಿಯಿದೆ. ವಂಚನೆಯ ಪ್ರಕರಣದಲ್ಲಿ ಅದು ಗೊತ್ತಾದ ಮೇಲೂ ಒಂದು ವರ್ಷ ಅವಕಾಶವಿದೆ, ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಅಲ್ಲಿನ ಲೆಕ್ಕವನ್ನೇ ನಾವು ಒಪ್ಪಬೇಕೆಂದಿಲ್ಲ. ಲೆಕ್ಕವೊಂದಿರಬೇಕು.

ಗಡುವು ಇಟ್ಟರೆ ತಪ್ಪಿತಸ್ಥರು ದಿನ ತಳ್ಳಿ ಪಾರಾಗುತ್ತಾರೆಂಬ ಆಕ್ಷೇಪ ಸುಳ್ಳಲ್ಲ. ಅದಕ್ಕಾಗಿಯೇ ತನಿಖೆಯ ಗಡುವು ಅಧಿಕಾರಿಯನ್ನು ಕಟ್ಟಬೇಕು, ದೂರನ್ನು ಮುಗಿಸಬಾರದು. ಅವಧಿ ಮೀರಿದರೆ ಕಾರಣ ಬಹಿರಂಗವಾಗಲಿ. ಮೇಲ್ನೋಟಕ್ಕೆ ಆಧಾರವಿರುವಲ್ಲಿ ಏಜೆಂಟನ ಅಹವಾಲು ಕೇಳಿ, ನೋಂದಣಿಯನ್ನು ಅಮಾನತಿನಲ್ಲಿಡಲಿ.

ಇನ್ನೊಂದು ಲೋಪವೂ ಇದೆ. ರೇರಾ ಇರುವುದು ಬಡಾವಣೆ, ವಸತಿ ಸಮುಚ್ಚಯದಂಥ ಯೋಜನೆಗಳಿಗೆ. ಎಕರೆ ಲೆಕ್ಕದಲ್ಲಿ ಕಾಫಿ ತೋಟದ ವ್ಯಾಪಾರ ಕುದುರಿಸುವ ದಲ್ಲಾಳಿ ಅದರ ವ್ಯಾಪ್ತಿಗೇ ಬರುವುದಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದು, ಕೃಷಿಕರಲ್ಲದವರಿಗೂ ಕೃಷಿ ಭೂಮಿಯ ಬಾಗಿಲು ತೆರೆದ ಸರ್ಕಾರ ನಡುವೆ ನಿಂತವನ ಹೊಣೆಯನ್ನು ಯೋಚಿಸಲಿಲ್ಲ.

ತನಿಖೆಯ ಗಡುವಿಗೆ ಸಂಸತ್ತಿನ ದಾರಿ ಕಾಯಬೇಕಿಲ್ಲ. ಕಾಯ್ದೆಗೆ ವಿರುದ್ಧವಾಗದಂತೆ ವಿನಿಯಮ ರೂಪಿಸುವ ಅಧಿಕಾರವನ್ನು 85ನೇ ಕಲಂ ಪ್ರಾಧಿಕಾರಕ್ಕೇ ಕೊಟ್ಟಿದೆ. ಬೆಂಗಳೂರಿನಲ್ಲಿರುವ ಕರ್ನಾಟಕ ರೇರಾ ಅದನ್ನು ಬಳಸಲಿ. ತೋಟದ ದಲ್ಲಾಳಿಗಳ ನೋಂದಣಿಗೆ ವಿಧಾನಮಂಡಲವೇ ಕಾನೂನು ತರಬೇಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮನವಿ: ಮುಂಗಡ ಕೊಡುವ ಮೊದಲು ಏಜೆಂಟನ ನೋಂದಣಿ ಸಂಖ್ಯೆಯನ್ನು ಪ್ರಾಧಿಕಾರದ ಜಾಲತಾಣದಲ್ಲಿ ತಾಳೆ ನೋಡಿ. ಆತ ಬಾಯಲ್ಲಿ ಹೇಳಿದ್ದನ್ನೆಲ್ಲ ಬರೆಸಿ, ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ.