ಅಳಿಸಿಹೋದ ಅಳತೆಗಳು

ಟ್ರಾನ್ಸಿಸ್ಟರ್ 1947ರಲ್ಲಿ ಹುಟ್ಟಿದ್ದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅಲ್ಲಿಯೇ ಕೆಲಸಕ್ಕಿದ್ದ ಜರ್ಮನಿಯ ಯುವ ವಿಜ್ಞಾನಿ ಯಾನ್ ಹೆಂಡ್ರಿಕ್ ಶೋನ್, ಅಣುಗಳ ಒಂದೇ ಪದರದಿಂದ ಟ್ರಾನ್ಸಿಸ್ಟರ್ ಮಾಡಿರುವುದಾಗಿ 2001ರಲ್ಲಿ ಸಾರಿದ. ಆ ವರ್ಷ ಸರಾಸರಿ ಎಂಟು ದಿನಕ್ಕೊಮ್ಮೆ ಅವನ ಹೆಸರಿದ್ದ ಒಂದು ಪ್ರಬಂಧ ಪ್ರಕಟವಾಗುತ್ತಿತ್ತು!

ಪ್ರಕಟಣೆಗೆ ಮುನ್ನ ಪ್ರಬಂಧಗಳನ್ನು ತಜ್ಞರು ಓದುತ್ತಾರೆ, ನಿಜ. ಆದರೆ ಅವರ ಮುಂದಿರುವುದು ಬರಹ ಮಾತ್ರ, ಪ್ರಯೋಗವಲ್ಲ. ಇತ್ತ ಬೇರೆ ಪ್ರಯೋಗಾಲಯಗಳ ಸಂಶೋಧಕರು ತಿಂಗಳುಗಟ್ಟಲೆ ಹೆಣಗಿದರೂ ಶೋನ್‌ನ ಫಲಿತಾಂಶ ಬರಲಿಲ್ಲ.

ಲೋಲಕದ ಆಂದೋಲನ ಕಾಲವನ್ನು ಅಳೆದ ವಿದ್ಯಾರ್ಥಿಗಳಿಗೆ ಗೊತ್ತು: ಎಷ್ಟೇ ಎಚ್ಚರ ವಹಿಸಿದರೂ ಎರಡು ಅಳತೆಗಳ ನಡುವೆ ತುಸು ಏರುಪೇರು ಇದ್ದೇ ಇರುತ್ತದೆ. ಈ ಏರುಪೇರು ಒಮ್ಮೆ ಬಂದಂತೆ ಇನ್ನೊಮ್ಮೆ ಬಾರದು. 2002ರಲ್ಲಿ ಲಿಡಿಯಾ ಸೋನ್, ಪಾಲ್ ಮೆಕ್ಯುಯೆನ್ ಎಂಬ ವಿಜ್ಞಾನಿಗಳು ಶೋನ್‌ನ ಪ್ರಬಂಧಗಳನ್ನು ಹೋಲಿಸಿ ನೋಡಿದರು. ಬೇರೆ ಬೇರೆ ಪ್ರಯೋಗಗಳದೆಂದು ಕೊಟ್ಟಿದ್ದ ಗ್ರಾಫ್‌ಗಳಲ್ಲಿ ಏರುಪೇರು ಗೆರೆಗೆ ಗೆರೆ ಒಂದೇ ಆಗಿತ್ತು.

ಬೆಲ್ ಪ್ರಯೋಗಾಲಯ ತನಿಖಾ ಸಮಿತಿ ನೇಮಿಸಿತು. ಮೂಲ ಅಳತೆಗಳೆಲ್ಲಿ ಎಂದರೆ, ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅಳಿಸಿದ್ದಾಗಿ ಶೋನ್ ಹೇಳಿದ. ಕ್ರಮವಾಗಿ ಬರೆದಿಟ್ಟ ಪ್ರಯೋಗ ಪುಸ್ತಕವೂ ಇರಲಿಲ್ಲ. 24 ಆರೋಪಗಳಲ್ಲಿ 16 ಸಾಬೀತಾದವು. ಶೋನ್ ಕೆಲಸ ಕಳೆದುಕೊಂಡ. ಸಹಲೇಖಕರು ವಂಚಿಸಿಲ್ಲವೆಂದು ಸಮಿತಿ ಹೇಳಿತು. ಆದರೆ ಪ್ರಬಂಧಕ್ಕೆ ಹೆಸರು ಕೊಟ್ಟವರ ಹೊಣೆ ಎಷ್ಟು ಎಂಬ ಪ್ರಶ್ನೆಯನ್ನೂ ಎತ್ತಿತು.

‘ಸೈನ್ಸ್’ ಪತ್ರಿಕೆ 2002ರಲ್ಲಿ 8 ಪ್ರಬಂಧಗಳನ್ನೂ ‘ನೇಚರ್’ 2003ರಲ್ಲಿ 7 ಪ್ರಬಂಧಗಳನ್ನೂ ಹಿಂತೆಗೆದುಕೊಂಡವು. ಹಿಂತೆಗೆಯುವುದೆಂದರೆ ಹರಿದೆಸೆಯುವುದಲ್ಲ. ‘ಹಿಂತೆಗೆಯಲಾಗಿದೆ’ ಎಂಬ ಗುರುತಿನೊಡನೆ ಪ್ರಬಂಧ ದಾಖಲೆಯಲ್ಲಿ ಉಳಿಯುತ್ತದೆ. ಮುಂದೆ ಓದುವವರು ಅದನ್ನು ನಂಬಿ ಕೆಡಬಾರದು. ನಡೆದ ತಪ್ಪು ಮರೆಯಾಗಲೂ ಬಾರದು.

ತಪ್ಪು ಅಳತೆ ಅಪರಾಧವಲ್ಲ. ಮೂಲ ಅಳತೆ ಕೈಯಲ್ಲಿದ್ದರೆ ತಪ್ಪು ಎಲ್ಲಾಯಿತೆಂದು ಹುಡುಕಿ ತಿದ್ದಬಹುದು. ಇಲ್ಲದ ಅಳತೆಯನ್ನು ತಿದ್ದುವುದು ಹೇಗೆ? ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 980 ಸೆಂಟಿಮೀಟರೇ ಬರಲೆಂದು ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಿಂದ ಅಂಕಿಗಳನ್ನು ಇಳಿಸುವ ವಿದ್ಯಾರ್ಥಿ, ಈ ದಾರಿಯ ಮೊದಲ ಹೆಜ್ಜೆ ಇಡುತ್ತಾನೆ. ತನಗೆ ಬಂದದ್ದು 940 ಆದರೆ 940 ಎಂದೇ ಬರೆದು, ಕಾರಣ ಹುಡುಕುವುದು ವಿಜ್ಞಾನ. ಎಷ್ಟು ಅಂಕ ಬಂತೆಂದು ವಿಚಾರಿಸುವ ತಂದೆತಾಯಿಗಳು, ಆ ಅಳತೆಗಳನ್ನು ತೆಗೆದವರು ಯಾರೆಂದೂ ಒಮ್ಮೆ ವಿಚಾರಿಸುವುದು ಒಳ್ಳೆಯದು.